ಮುಳುಗಡೆ ದೆವ್ವಗಳ ದಿನಚರಿ

ದೆವ್ವದ ಚಿತ್ರ ಬರೆಯುವವರು ನಡುರಾತ್ರಿ ಕೂತು ಬರೆಯುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಬೆಳಗ್ಗೆ ಬರೆಯುತ್ತೇನೆ. ಕಾಫಿ ಮುಗಿಸಿ ಕಿಟಕಿ ಪಕ್ಕದ ಮೇಜಿಗೆ ಕೂತರೆ ಹನ್ನೊಂದರವರೆಗೆ ಏಳುವುದಿಲ್ಲ. ಕೂದಲಿಗಿಂತ ತೆಳುವಾದ ಗೆರೆ ಎಳೆಯಬೇಕಾದರೆ ಒಳ್ಳೆಯ ಬೆಳಕು ಬೇಕು, ನಡುಗದ ಕೈ ಬೇಕು, ಹೊಟ್ಟೆ ತುಂಬಿರಬೇಕು. ಕತ್ತಲೆಯನ್ನು ಬರೆಯಲು ಹಗಲೇ ಸರಿ.

ನನ್ನ ಸಾಮಾನು ತೀರಾ ಕಡಿಮೆ. ಅದ್ದಿ ಬರೆಯುವ ಪೆನ್ನು, ಉಕ್ಕಿನ ನಿಬ್ಬು, ಒಂದು ಶೀಶೆ ಕಪ್ಪು ಇಂಡಿಯನ್ ಇಂಕ್, ದಪ್ಪ ಕಾಗದ, ಹಳೆ ಕಾಟನ್ ಸೀರೆಯ ತುಂಡು. ಈ ಇಂಕಿನ ಕಪ್ಪು ಬರುವುದು ಮಸಿಯಿಂದ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡಲು ಅಜ್ಜಿ ಕಾಡಿಗೆ ಮಾಡುತ್ತಿದ್ದದ್ದೂ ದೀಪದ ಮಸಿಯಿಂದಲೇ. ಕೆಟ್ಟದ್ದನ್ನು ದೂರ ಇಡಲು ಬಳಸಿದ ಕಪ್ಪಿನಿಂದಲೇ ನಾನು ದಿನಾ ದೆವ್ವಗಳನ್ನು ಹತ್ತಿರ ಕರೆಯುತ್ತೇನೆ. ಶೀಶೆ ಮುಚ್ಚಳ ತೆಗೆಯುವಾಗೆಲ್ಲ ನನಗೆ ಇದು ನೆನಪಾಗುತ್ತದೆ, ಖುಷಿಯೂ ಆಗುತ್ತದೆ. ಇಂಕು ನೀರಿಗೆ ಕರಗದಿರಲಿ ಅಂತ ಅದಕ್ಕೆ ಅರಗು ಸೇರಿಸಿರುತ್ತಾರೆ. ಆ ಅರಗೇ ನಿಬ್ಬಿನ ಸೀಳಿನಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಪ್ರತಿ ಎರಡು ನಿಮಿಷಕ್ಕೊಮ್ಮೆ ಒರೆಸಬೇಕು. ಅದ್ದು, ಎಳೆ, ಒರೆಸು. ಬೆಳಗಿನ ಹೊತ್ತೆಲ್ಲ ಇದೇ ತಾಳ.

ನಾನಿರುವುದು ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರ. ಜೂನ್ ಬಂತೆಂದರೆ ಗಾಳಿಯೇ ಒದ್ದೆ. ಕಾಗದ ತಂಪು ಹೀರಿಕೊಂಡು ಮೆತ್ತಗಾಗುತ್ತದೆ, ಅದರ ಮೇಲೆ ಗೆರೆ ಎಳೆದರೆ ಇಂಕು ಅಂಚಿನಲ್ಲಿ ಹರಡುತ್ತದೆ. ಅದಕ್ಕೇ ಕಾಗದವನ್ನು ಕಬ್ಬಿಣದ ಟ್ರಂಕಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಮರುದಿನಕ್ಕೆ ಬೇಕಾದ ಹಾಳೆಯನ್ನು ರಾತ್ರಿಯೇ ತೆಗೆದು, ಬಚ್ಚಲ ಒಲೆಯ ಹಿಂದಿನ ಬಿಸಿ ಗೋಡೆಗೆ ಒರಗಿಸಿ ಮಲಗುತ್ತೇನೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಕಿಟಕಿ ಬೆಳಕಿಗೆ ಒಗ್ಗಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಈಗ ಬರೆಯುತ್ತಿರುವ ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳಿಂದ ನಾನು ಶರಾವತಿ ಹಿನ್ನೀರಿನ ಅಡಿಯ ದೆವ್ವಗಳನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟದ ಕಡೆ. ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ. ಸಾಗರದ ಚಿಕ್ಕ ಮಕ್ಕಳಿಗೂ ಈ ಸಂಖ್ಯೆ ಬಾಯಿಪಾಠ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಗದ್ದೆ, ತೋಟ, ಊರು, ಕಾಡು ಎಲ್ಲ ಒಳಗೆ ಹೋದವು. ಜನರನ್ನು ಎಬ್ಬಿಸಿ ಬೇರೆ ಬೇರೆ ಕಡೆ ಸಾಗಿಸಿದರು. ಹಾಗೆ ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಇದೆಲ್ಲ ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ.

ನನ್ನ ಚಿಕ್ಕಜ್ಜ ಆಗ ಹುಡುಗ. ಹೆಂಚು ಇಳಿಸಿ, ಬಾಗಿಲು ಕಿತ್ತು, ಬೀಸೋಕಲ್ಲನ್ನೂ ಲಾರಿಗೆ ಹೇರಿಕೊಂಡು ಹೊರಟದ್ದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಊರ ದೇವರನ್ನು ಶಾಸ್ತ್ರ ಮಾಡಿ, ಹೊಸ ಊರಿಗೆ ಕರೆದುಕೊಂಡು ಬಂದರಂತೆ. ಮನೆ ಹಿಂದೆ ಒಂದು ಹುಣಸೆಮರ, ಅದರಲ್ಲಿ ಒಂದು ದೆವ್ವ. ಅದರ ಭಯಕ್ಕೆ ಮಕ್ಕಳು ಕತ್ತಲಾದ ಮೇಲೆ ಆ ಕಡೆ ಹೋಗುತ್ತಿರಲಿಲ್ಲ.

"ಅದೇನಾಯಿತು ಚಿಕ್ಕಜ್ಜ?" ಅಂತ ಕೇಳಿದೆ.

"ದೇವರನ್ನ ಕರಕೊಂಡು ಬಂದ್ವಿ. ದೆವ್ವನ ಯಾರು ಕರೀತಾರೆ?" ಅಂದರು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಮನುಷ್ಯರಿಗೆ ಪರಿಹಾರ ಅಂತ ಏನೋ ಒಂದು ಸಿಕ್ಕಿತು, ಸಿಗದವರಿಗೆ ಕೇಳಲು ಬಾಯಾದರೂ ಇತ್ತು. ಹುಣಸೆಮರದ ದೆವ್ವ, ಗದ್ದೆ ಬದುವಿನ ಕೊಳ್ಳಿದೆವ್ವ, ಅಟ್ಟದ ಮೇಲಿನ ಗುಮ್ಮ, ಇವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಅವರ ಲೆಕ್ಕ ಬರೆಯುತ್ತಿದ್ದೇನೆ. ಒಬ್ಬೊಬ್ಬರಿಗೂ ಒಂದು ಹಾಳೆ.

ದೆವ್ವವನ್ನು ಭಯಂಕರವಾಗಿ ಬರೆಯುವುದು ಕಷ್ಟವೇನಲ್ಲ. ಕೋರೆಹಲ್ಲು, ಕೆದರಿದ ಕೂದಲು, ಕೆಂಪು ಕಣ್ಣು ಇಟ್ಟರೆ ಆಯಿತು. ನೋಡಿದವರು ಒಂದು ಕ್ಷಣ ಹೆದರುತ್ತಾರೆ, ಆಮೇಲೆ ಮರೆಯುತ್ತಾರೆ. ಅದೇ ದೆವ್ವಕ್ಕೆ ಒಂದು ದಿನಚರಿ ಕೊಟ್ಟು ನೋಡಿ. ಬೆಳಗ್ಗೆ ಎದ್ದು ಏನು ಮಾಡುತ್ತದೆ? ಬಟ್ಟೆ ಎಲ್ಲಿ ಒಣಗಿಸುತ್ತದೆ? ಅದಕ್ಕೆ ಯಾರ ನೆನಪು ಬರುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ದಿನ ಚಿತ್ರ ಉಸಿರಾಡುತ್ತದೆ. ಆಗ ಹುಟ್ಟುವ ಭಯ ಬೇರೆ ಥರದ್ದು. ಅದರಲ್ಲಿ ಸ್ವಲ್ಪ ನಗು ಇರುತ್ತದೆ, ಸ್ವಲ್ಪ ಸಂಕಟ ಇರುತ್ತದೆ. ನೋಡಿದವರು ಮನೆಗೆ ಹೋದ ಮೇಲೂ ಅದು ಅವರ ಜೊತೆ ಇರುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಹಾಳೆಯಲ್ಲಿ ಕೊಳ್ಳಿದೆವ್ವ ಇದೆ. ಕೈಯಲ್ಲಿ ಉರಿಯುವ ಕೊಳ್ಳಿ ಹಿಡಿದು ಗದ್ದೆಯಾಚೆ ಓಡಾಡುವುದೇ ಅದರ ಕೆಲಸ. 1964ರಿಂದ ಅದರ ಕೊಳ್ಳಿ ಒದ್ದೆ. ಬೇಸಿಗೆಯಲ್ಲಿ ಹಿನ್ನೀರು ತುಂಬಾ ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅದನ್ನು ಮಡೆನೂರು ಡ್ಯಾಂ ಅಂತಲೂ ಕರೆಯುತ್ತಾರೆ. 1948ರಲ್ಲಿ ಮುಗಿಸಿದ್ದು, ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗಿತು. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು! ನನ್ನ ಚಿತ್ರದಲ್ಲಿ ಕೊಳ್ಳಿದೆವ್ವ ಆ ಹಳೆ ಗೋಡೆಯ ಮೇಲೆ ಕೂತು ಕೊಳ್ಳಿಯನ್ನು ಬಿಸಿಲಿಗೆ ಒಣಗಿಸುತ್ತಿದೆ. ಹಪ್ಪಳ ಒಣಗಿಸುವಾಗ ಕಾಗೆ ಕಾಯುವ ಮುದುಕಿಯ ಹಾಗೆ, ಒಂದು ಕೋಲು ಪಕ್ಕದಲ್ಲಿಟ್ಟುಕೊಂಡು. ಆಕಾಶದ ಮೂಲೆಯಲ್ಲಿ ಮಳೆಮೋಡ. ಕೊಳ್ಳಿ ಒಣಗುವುದರೊಳಗೆ ಜೂನ್ ಬಂದುಬಿಡುತ್ತದೆ.

ಇನ್ನೊಂದು ಹಾಳೆ ಹೆಜ್ಜೆಗುರುತಿನದ್ದು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಅಂತ ನಾವೆಲ್ಲ ಕೇಳಿ ಬೆಳೆದವರು. ನೀರಿಳಿದಾಗ ಹಿನ್ನೀರಿನ ಅಂಚಿನಲ್ಲಿ ಬಿರುಕು ಬಿಟ್ಟ ಕೆಸರು ಕಾಣುತ್ತದೆ, ಅಲ್ಲಲ್ಲಿ ಬೋಳು ಮರಗಳ ಬುಡ. ಆ ಕೆಸರಿನ ಮೇಲೆ ಒಂದು ಸಾಲು ಹೆಜ್ಜೆ ಬರೆದೆ. ಹೆಜ್ಜೆಗಳು ಊರು ಬಿಟ್ಟು ಹೊರಗೆ ಹೋದಂತೆ ಕಾಣುತ್ತವೆ. ಪಾದ ಹಿಂದುಮುಂದು ಅಂತ ನೆನಪಾದವರಿಗೆ ಮಾತ್ರ ಅದು ಮನೆಗೆ ಮರಳಿ ಬರುತ್ತಿದೆ ಅಂತ ಗೊತ್ತಾಗುತ್ತದೆ. ಈ ಚಿತ್ರದಲ್ಲಿ ದೆವ್ವವನ್ನು ಬರೆಯಲೇ ಇಲ್ಲ. ಬೇಕಾಗಲಿಲ್ಲ.

ಪಕ್ಕದ ಮನೆ ಹುಡುಗ ಶಾಲೆ ಬಿಟ್ಟ ಮೇಲೆ ಬಂದು ಮೇಜಿನ ಪಕ್ಕ ನಿಲ್ಲುತ್ತಾನೆ. ಒಮ್ಮೆ ಕೇಳಿದ: "ಅಕ್ಕಾ, ಯಾವಾಗ್ಲೂ ನೀರೊಳಗೇ ಇದ್ರೆ ಇದಕ್ಕೆ ಶೀತ ಆಗಲ್ವಾ?" ಎಷ್ಟು ಸರಿಯಾದ ಪ್ರಶ್ನೆ, ಅಲ್ವಾ? ಆವತ್ತು ಹುಣಸೆಮರದ ದೆವ್ವದ ತಲೆಗೆ ಒಂದು ಗೊರಬು ಬರೆದೆ. ನಾಟಿ ಗದ್ದೆಯಲ್ಲಿ ಹೆಂಗಸರು ಮಳೆಗೆ ಬೆನ್ನ ಮೇಲೆ ಹೊದೆಯುತ್ತಿದ್ದ ಎಲೆಯ ಗೊರಬು. ನೀರಿನ ಅಡಿಯಲ್ಲಿ ಗೊರಬು ಹೊದ್ದು, ಎಲೆಯಿಲ್ಲದ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತ ದೆವ್ವ. ಆ ಗೊರಬಿನ ಎಲೆಗಳ ನರಗಳನ್ನು ಬರೆಯಲು ಎರಡು ಬೆಳಗು ಹಿಡಿಯಿತು. ಇಷ್ಟು ಹೊತ್ತು ಒಂದು ಜೀವದ ಬೆನ್ನನ್ನೇ ನೋಡುತ್ತಾ ಕೂತರೆ ಅದರ ಬಗ್ಗೆ ಭಯ ಉಳಿಯುವುದಿಲ್ಲ. ಅದಕ್ಕೆ ಚಳಿಯಾಗದಿರಲಿ ಅನಿಸುತ್ತದೆ.

ಗೆರೆಯ ತಾಳ್ಮೆಯನ್ನು ನಾನು ಕಲಿತದ್ದು ಹಸೆ ಚಿತ್ತಾರದಿಂದ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಚಿತ್ತಾರ ಅದು. ಕುಂಚವೂ ಅವರೇ ಮಾಡಿಕೊಂಡ ಪುಂಡಿನಾರಿನದ್ದು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ. ನಾನು ಕೂತು ನೋಡಿದ ಅಜ್ಜಿಯೊಬ್ಬರು ಮೊಳದುದ್ದದ ಗೆರೆಯನ್ನು ಉಸಿರು ಬಿಡದೆ ಎಳೆಯುತ್ತಿದ್ದರು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು, ಎಲ್ಲ ಒಂದೇ ಅಂತರದಲ್ಲಿ. ಸ್ಕೇಲು ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಮದುವೆಮನೆಯ ಗದ್ದಲದ ಮಧ್ಯೆ ಅವರ ಕೈ ಮಾತ್ರ ತನ್ನ ಪಾಡಿಗೆ ಹೋಗುತ್ತಿತ್ತು. ನೀರನ್ನು ಬರೆಯುವಾಗ ನಾನು ಅದೇ ಗೆರೆಯನ್ನು ಹುಡುಕುತ್ತೇನೆ. ಹಿನ್ನೀರು ಅಂದರೆ ಅಡ್ಡಗೆರೆಗಳು, ನೂರಾರು. ಎಲ್ಲಿ ಗೆರೆ ತುಂಡಾಗುತ್ತದೋ ಅಲ್ಲಿ ಬೆಳಕು. ಅಡಿಗೆ ಹೋದಂತೆ ಗೆರೆಗಳು ಒತ್ತಾಗುತ್ತವೆ, ಆಮೇಲೆ ಒಂದರ ಮೇಲೊಂದು ಹಾಯುತ್ತವೆ, ಕೊನೆಗೆ ಪೂರ್ತಿ ಕಪ್ಪು. ಆ ಪೂರ್ತಿ ಕಪ್ಪಿನಲ್ಲೂ ಸಣ್ಣ ಸಣ್ಣ ಬಿಳಿ ಚುಕ್ಕೆ ಬಿಟ್ಟಿರುತ್ತೇನೆ. ಇಲ್ಲದಿದ್ದರೆ ಕಪ್ಪು ಸತ್ತಂತೆ ಕಾಣುತ್ತದೆ.

ಮಧ್ಯಾಹ್ನದ ಮೇಲೆ ಹೊಟ್ಟೆಪಾಡಿನ ಕೆಲಸ. ಪಾಠದ ಚಿತ್ರಗಳು, ಮದುವೆ ಕಾಗದ, ಪುಸ್ತಕದ ಮುಖಪುಟ, ಅಡಿಕೆ ವ್ಯಾಪಾರಿಗಳ ಕ್ಯಾಲೆಂಡರು. ಇವುಗಳನ್ನು ಕಂಪ್ಯೂಟರಿನಲ್ಲೇ ಮಾಡುತ್ತೇನೆ, ಬೇಗ ಆಗುತ್ತದೆ. ಮದುವೆ ಕಾಗದಕ್ಕೆ ಗಣಪತಿ ಬರೆಯುವಾಗಲೂ ನಾನು ಪೂರ್ತಿ ಮನಸ್ಸಿಟ್ಟೇ ಬರೆಯುತ್ತೇನೆ. ಅವನ ಇಲಿಗೆ ನಾನು ಕೊಡುವ ಮುಖ ನೋಡಿ ಕೆಲವರು ಹುಡುಕಿಕೊಂಡು ಬರುತ್ತಾರೆ.

ಒಂದು ಪ್ರಕಾಶನದವರು ಮಕ್ಕಳ ಕಥೆಗೆ ಚಿತ್ರ ಕೇಳಿದ್ದರು. ಕಥೆಯಲ್ಲಿ ದೆವ್ವ ಇತ್ತು, ಬರೆದು ಕಳಿಸಿದೆ. "ಮಕ್ಕಳು ಹೆದರ್ತಾರೆ, ಸ್ವಲ್ಪ ಕ್ಯೂಟ್ ಮಾಡಿ" ಅಂದರು. ನಾನು ಒಪ್ಪಲಿಲ್ಲ. ಮಕ್ಕಳು ದೆವ್ವವನ್ನು ನೋಡಿ ಕೇಳುವ ಪ್ರಶ್ನೆ ನಿಮಗೆ ಈಗಾಗಲೇ ಹೇಳಿದೆ. ಹೆದರುವವರು ದೊಡ್ಡವರು. ಮಕ್ಕಳಿಗೆ ಭಯ ಬೇಕು, ಅದು ಕೈಗೆ ಸಿಗುವ ಅಳತೆಯಲ್ಲಿ ಇರಬೇಕು ಅಷ್ಟೇ. ಊಟ ಮಾಡದಿದ್ದರೆ ಗುಮ್ಮನನ್ನು ಕರೆಯುತ್ತೇನೆ ಅಂತ ಹೇಳಿಯೇ ನಮ್ಮ ಅಮ್ಮಂದಿರು ನಮ್ಮನ್ನು ಬೆಳೆಸಿದರು. ಗುಮ್ಮನ ಜೊತೆ ಬೆಳೆದ ನಾವು ಕೆಟ್ಟುಹೋಗಲಿಲ್ಲ. ಆ ಕೆಲಸ ಕೈತಪ್ಪಿತು, ಬೇಜಾರಿಲ್ಲ.

ಇಂಥ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು, ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಚಿತ್ರದ ಹಕ್ಕು ಬಿಟ್ಟುಕೊಡುವುದಾದರೆ ಬರವಣಿಗೆಯಲ್ಲೇ ಆಗಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ ಕೊಟ್ಟಂತೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕರಾರಿಗೆ ಸಹಿ ಹಾಕುವ ಮೊದಲು ಈ ಎರಡು ಸಾಲು ಹುಡುಕಿ. "ಶಾಶ್ವತವಾಗಿ, ಪ್ರಪಂಚದಾದ್ಯಂತ" ಅಂತಿದ್ದರೆ ಬೆಲೆ ಬೇರೆ ಕೇಳಿ.

ಹೊಟ್ಟೆಪಾಡು ಮತ್ತು ದೆವ್ವ ಎರಡನ್ನೂ ಒಂದೇ ಕೈಯಲ್ಲಿ ಮಾಡಿದವರಲ್ಲಿ ನನಗೆ ದೊಡ್ಡವನು ಮೆಕ್ಸಿಕೋದ ಹೊಸೆ ಗ್ವಾದಲೂಪೆ ಪೊಸಾದ. 1852ರಲ್ಲಿ ಹುಟ್ಟಿ 1913ರಲ್ಲಿ ಸತ್ತ. ಮೆಕ್ಸಿಕೋ ನಗರದಲ್ಲಿ ಅಗ್ಗದ ಹಾಳೆಗಳನ್ನು ಮುದ್ರಿಸುವ ಒಬ್ಬ ಪ್ರಕಾಶಕನಿಗೆ ದಿನಾ ಚಿತ್ರ ಕೊರೆದುಕೊಡುತ್ತಿದ್ದ. ಕೊಲೆಯ ಸುದ್ದಿ, ಭೂಕಂಪ, ಹಾಡಿನ ಪುಸ್ತಕ, ಜಾಹೀರಾತು, ಏನು ಬಂದರೂ ಸರಿ. ಸತ್ತವರ ಹಬ್ಬ ಬಂದಾಗ ಅಸ್ಥಿಪಂಜರಗಳು. ಅವನ ಅಸ್ಥಿಪಂಜರಗಳು ಸುಮ್ನೆ ನಿಂತು ಹೆದರಿಸುವುದಿಲ್ಲ. ಸೈಕಲ್ ಹೊಡೆಯುತ್ತವೆ, ಕುಣಿಯುತ್ತವೆ, ಹೂವಿನ ದೊಡ್ಡ ಟೋಪಿ ಹಾಕಿಕೊಂಡು ಶ್ರೀಮಂತರಂತೆ ಮೆರೆಯುತ್ತವೆ. ಬಡವನಾಗಿಯೇ ಸತ್ತ. 1920ರ ದಶಕದಲ್ಲಿ ಜಾನ್ ಶಾರ್ಲೋ ಅನ್ನುವ ಕಲಾವಿದ ಅವನ ಬಗ್ಗೆ ಬರೆದ ಮೇಲೆ ಲೋಕ ತಿರುಗಿ ನೋಡಿತು. ಈಗ ಮೆಕ್ಸಿಕೋ ಅಂದರೆ ಎಲ್ಲರ ಕಣ್ಣಿಗೆ ಬರುವ ಟೋಪಿಯ ಅಸ್ಥಿಪಂಜರ ಅವನ ಕೈಯದ್ದು. ಗಡುವು, ಕಡಿಮೆ ಸಂಬಳ, ಯಾರೋ ಹೇಳಿದ ವಿಷಯ, ಇವುಗಳ ಮಧ್ಯೆಯೇ ಅದು ಹುಟ್ಟಿತು ಅನ್ನುವುದು ನನಗೆ ದೊಡ್ಡ ಧೈರ್ಯ.

ಅಮೆರಿಕದ ಎಡ್ವರ್ಡ್ ಗೋರಿಯ ಬಗ್ಗೆಯೂ ಒಂದೆರಡು ಮಾತು. ವಿಚಿತ್ರವಾದ ಸಾವುಗಳನ್ನು ಅಷ್ಟೇ ಮುದ್ದಾದ, ಒತ್ತಾದ ಗೆರೆಗಳಲ್ಲಿ ಬರೆದವನು. ಅವನ ದಿನಗಳು ಒಂದೇ ಥರ ಇದ್ದವು. ನ್ಯೂಯಾರ್ಕಿನಲ್ಲಿದ್ದಾಗ ವರ್ಷಗಟ್ಟಲೆ ಅಲ್ಲಿನ ಬ್ಯಾಲೆ ತಂಡದ ಹೆಚ್ಚುಕಡಿಮೆ ಪ್ರತಿ ಪ್ರದರ್ಶನಕ್ಕೂ ಹೋದ. ಕೇಪ್ ಕಾಡ್ ಅನ್ನುವ ಕಡಲತೀರಕ್ಕೆ ಬಂದ ಮೇಲೆ ದಿನಾ ಒಂದೇ ಸಣ್ಣ ಹೋಟೆಲಿನಲ್ಲಿ ಊಟ. ಮನೆ ತುಂಬಾ ಬೆಕ್ಕು. ಪುಸ್ತಕದಲ್ಲಿ ಎಷ್ಟು ದೊಡ್ಡದಾಗಿ ಅಚ್ಚಾಗುತ್ತದೋ ಅಷ್ಟೇ ಅಳತೆಯಲ್ಲಿ ಮೂಲ ಚಿತ್ರ ಬರೆಯುತ್ತಿದ್ದ. ಅಂದರೆ ಅಂಗೈಯಗಲದ ಜಾಗದಲ್ಲಿ ಸಾವಿರ ಗೆರೆ. ತನ್ನ ಆಸ್ತಿಯನ್ನು ಪ್ರಾಣಿಗಳ ಆರೈಕೆಗೆ ಬಿಟ್ಟುಹೋದ. ಕರಾಳವಾದ ಕಲ್ಪನೆ ಇರುವವರ ಮನಸ್ಸೂ ಕರಾಳ ಅಂತ ಹೇಳುವವರಿಗೆ ನಾನು ಈ ಕೊನೆಯ ವಿಷಯ ಹೇಳುತ್ತೇನೆ.

ಆದರೆ ನನ್ನ ದಾರಿ ತೋರಿದ್ದು ಇವರಿಗಿಂತ ಹಳಬರು. ಹಾಸನದಿಂದ ಬೇಲೂರಿಗೆ ಹೋಗುವಾಗ ಒಳಗಿನ ದಾರಿಯಲ್ಲಿ ದೊಡ್ಡಗದ್ದವಳ್ಳಿ ಸಿಗುತ್ತದೆ. 12ನೇ ಶತಮಾನದ ಶುರುವಿನಲ್ಲಿ ಕಟ್ಟಿದ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ. ಒಳಗೆ ಕಾಳಿಯ ಗರ್ಭಗುಡಿಯ ಬಾಗಿಲಿನ ಎರಡು ಕಡೆ ಎರಡು ಬೇತಾಳಗಳು ನಿಂತಿವೆ. ಎಲುಬಿನ ಗೂಡು, ಒಳಗೆ ಹೋದ ಹೊಟ್ಟೆ, ತೆರೆದ ಬಾಯಿ. ಮೊದಲ ಸಲ ನೋಡಿದಾಗ ಮೈ ಜುಂ ಅಂದಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದ ಮೇಲೆ ಕಂಡದ್ದು ಬೇರೆ. ಅವುಗಳಿಗೆ ಅಲ್ಲಿ ಒಂದು ಕೆಲಸವಿದೆ, ಬಾಗಿಲು ಕಾಯುವ ಕೆಲಸ. ಒಂಬೈನೂರು ವರ್ಷದಿಂದ ರಜೆಯಿಲ್ಲದೆ ನಿಂತಿವೆ. ಆ ಶಿಲ್ಪಿ ಪಕ್ಕೆಲುಬುಗಳನ್ನು ಎಷ್ಟು ಪ್ರೀತಿಯಿಂದ ಬಿಡಿಸಿದ್ದಾನೆ ಅಂದರೆ, ಗುಡಿಯ ಸುಂದರಿಯರ ಹಾರಕ್ಕೆ ಕೊಡುವಷ್ಟೇ ಗಮನ ಈ ಎಲುಬಿಗೂ ಸಿಕ್ಕಿದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ, ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳಿನಂಥ ಚಿಟ್ಟಿಗಳನ್ನು ಒಂದೊಂದೇ ಇಡುವುದನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ನೋಡಿದಾಗಲೂ ನನಗೆ ಹೀಗೇ ಅನಿಸಿತ್ತು. ರಾಕ್ಷಸನ ಮುಖಕ್ಕೆ ಎಷ್ಟೊಂದು ತಾಳ್ಮೆ!

ಈಗ ಮೇಜಿನ ಮೇಲಿರುವ ಹಾಳೆ ಇದುವರೆಗಿನದಕ್ಕಿಂತ ದೊಡ್ಡದು. ಇದರಲ್ಲಿ ಒಂದು ದೆವ್ವ ಪ್ರಯಾಣ ಮಾಡುತ್ತಿದೆ. ಲಿಂಗನಮಕ್ಕಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕೆಳಗಿಳಿದು ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸುತ್ತದೆ. 1035 ಮೆಗಾವ್ಯಾಟ್‌ನ ಕೇಂದ್ರ ಅದು. ದಶಕಗಳ ಕಾಲ ಈ ರಾಜ್ಯದ ಊರೂರಿಗೆ ಬೆಳಕು ಕೊಟ್ಟದ್ದು ಇದೇ ನೀರು. ಬೆಳಕು ಕಂಡರೆ ದೆವ್ವ ಓಡುತ್ತದೆ ಅಂತಾರೆ. ಆ ಬೆಳಕೇ ದೆವ್ವದ ಮನೆಯನ್ನು ಮುಳುಗಿಸಿ ಬಂದದ್ದಾದರೆ? ನನ್ನ ದೆವ್ವ ನೀರಿನ ಜೊತೆ ಪೈಪಿಗೆ ಇಳಿಯುತ್ತದೆ, ಟರ್ಬೈನಿನಲ್ಲಿ ಗಿರಗಿರ ಸುತ್ತಿ ಉದ್ದಕ್ಕೆ ಎಳೆದ ನೂಲಿನ ಹಾಗಾಗುತ್ತದೆ, ಟವರಿನಿಂದ ಟವರಿಗೆ ತಂತಿ ಮೇಲೆ ಓಡಿ, ಬೆಂಗಳೂರಿನ ಒಂದು ಬಾಡಿಗೆ ಮನೆಯ ಟ್ಯೂಬ್‌ಲೈಟಿಗೆ ಬಂದು ಸೇರುತ್ತದೆ. ಕೆಳಗೆ ಓದುತ್ತಾ ಕೂತ ಹುಡುಗಿ ಅದರ ಹಳೆ ಊರಿನವರ ಮೊಮ್ಮಗಳು. ದೆವ್ವಕ್ಕೆ ಗುರುತು ಸಿಕ್ಕಿದೆ, ಹುಡುಗಿಗೆ ಸಿಕ್ಕಿಲ್ಲ. ಟ್ಯೂಬ್‌ಲೈಟ್ ಒಮ್ಮೆ ಮಿಣುಕುತ್ತದೆ.

ಇಷ್ಟು ದೊಡ್ಡ ಹಾಳೆಯಲ್ಲಿ ಕಷ್ಟ ಎಲ್ಲಿದೆ ಅಂದರೆ ತಂತಿಯಲ್ಲಿ. ಮೂರಡಿ ಉದ್ದದ ಗೆರೆಯಲ್ಲಿ ಒಂದು ಮುಖ ಇರಬೇಕು, ಅದು ಮುಖ ಅಂತ ತಕ್ಷಣ ಗೊತ್ತಾಗಲೂ ಬಾರದು. ಬೇರೆ ಕಾಗದದ ಮೇಲೆ ಬರೆದು ಬರೆದು ನೋಡುತ್ತಿದ್ದೇನೆ. ಕಣ್ಣು ಎರಡನ್ನೂ ಇಟ್ಟರೆ ಜಾಸ್ತಿಯಾಗುತ್ತದೆ. ಒಂದೇ ಕಣ್ಣು, ಹಿಂದಕ್ಕೆ ತಿರುಗಿದ್ದು, ಸರಿಹೋಗಬಹುದು ಅನಿಸುತ್ತಿದೆ.

ಅದರ ನಂತರದ ಹಾಳೆಗೆ ಲಾಂಚ್ ಬೇಕು, ಅಂದರೆ ಹಿನ್ನೀರು ದಾಟಿಸುವ ದೊಡ್ಡ ದೋಣಿ. ಸಿಗಂದೂರು ದೇವಸ್ಥಾನಕ್ಕೆ ಹೋಗುವವರು ಇಷ್ಟು ವರ್ಷ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ಆಯಿತು. ಆ ಕಡೆಯ ಊರುಗಳ ಜನ ದಶಕಗಳಿಂದ ಕೇಳುತ್ತಿದ್ದ ಸೇತುವೆ ಅದು, ಆಸ್ಪತ್ರೆಗೆ ಹೋಗಲು ಲಾಂಚಿಗೆ ಕಾದವರ ಕಷ್ಟ ನನಗೂ ಗೊತ್ತು. ಆದರೆ ನನ್ನ ದೆವ್ವಗಳು ಲಾಂಚಿನ ಅಡಿಗೆ ಜೋತುಬಿದ್ದು ಈ ದಡದಿಂದ ಆ ದಡಕ್ಕೆ ಹೋಗಿಬಂದು ಮಾಡುತ್ತಿದ್ದವು. ಇನ್ನು ಅವು ಸೇತುವೆಯ ಕಂಬ ಹತ್ತಬೇಕು. ಗೊರಬು ಹೊದ್ದವರಿಗೆ ಕಂಬ ಹತ್ತುವುದು ಹೇಗೆ ಅನ್ನುವುದನ್ನು ನೋಡಿಕೊಂಡು ಬರಲು ಮುಂದಿನ ವಾರ ಅಲ್ಲಿಗೆ ಹೋಗುತ್ತಿದ್ದೇನೆ, ಪಕ್ಕದ ಮನೆ ಹುಡುಗನೂ ಬರುತ್ತಾನಂತೆ.

ನಿಮ್ಮ ಮನೆಯಲ್ಲಿ ಮುಳುಗಡೆಯಿಂದ ಬಂದ ಅಜ್ಜ, ಅಜ್ಜಿ ಇದ್ದರೆ ಅವರ ಊರಿನ ದೆವ್ವದ ಬಗ್ಗೆ ಕೇಳಿ ನೋಡಿ. ಯಾವ ಮರದಲ್ಲಿತ್ತು, ಗಂಡೋ ಹೆಣ್ಣೋ, ಯಾರಿಗೆ ಕಾಣಿಸುತ್ತಿತ್ತು, ಏನು ಕೊಟ್ಟರೆ ಸುಮ್ಮನಾಗುತ್ತಿತ್ತು. ಹೆಸರಿದ್ದರೆ ಹೆಸರೂ ಬೇಕು. ಬರೆದು ಕಳಿಸಿ. ಒಂದೊಂದಕ್ಕೂ ನನ್ನ ಟ್ರಂಕಿನಲ್ಲಿ ಹಾಳೆ ಇದೆ.